ಬೀದಿಗೆ ಬಂದ ಬಲಿಪೀಠ

ಪ್ರಾರ್ಥನಾ ಮಂದಿರದ ಬಾಗಿಲು ಮುಚ್ಚುವುದು ಭಕ್ತರಿಗೆ ಸುಲಭದ ಮಾತಲ್ಲ. 2020ರ ರಮಝಾನನ್ನು ಮಸೀದಿಯಿಲ್ಲದೆ ಕಳೆದ ನಮಗೆ ಅದು ಗೊತ್ತು. ಆ ದಿನಗಳಲ್ಲಿ ನಮಗೆ ಮತ್ತೆ ಮತ್ತೆ ನೆನಪಾಗುತ್ತಿದ್ದದ್ದು ಇಟಲಿಯ ಮಿಲಾನ್ ನಗರ.

1576ರಲ್ಲಿ ಅಲ್ಲಿ ಪ್ಲೇಗು ಕಾಣಿಸಿಕೊಂಡಾಗ ಸ್ಪೇನಿನ ಗವರ್ನರ್ ಊರು ಬಿಟ್ಟ. ಆರ್ಚ್‌ಬಿಷಪ್ ಕಾರ್ಲೊ ಬೊರೊಮಿಯೊ ಉಳಿದರು. ಜನ ಸೇರುವುದು ಅಪಾಯವೆಂಬ ಅಧಿಕಾರಿಗಳ ಅಳುಕಿನ ನಡುವೆಯೂ ಅಕ್ಟೋಬರಿನಲ್ಲಿ ಕೊರಳಿಗೆ ಹಗ್ಗ ಹಾಕಿಕೊಂಡು, ಬರಿಗಾಲಲ್ಲಿ ಪ್ರಾಯಶ್ಚಿತ್ತದ ಮೆರವಣಿಗೆ ನಡೆಸಿದರು. ಅವರೂ ತಮ್ಮ ಕಾಲದ ಮನುಷ್ಯರೇ ತಾನೆ! ಆದರೆ ತಿಂಗಳ ಕೊನೆಗೆ ಜನ ಮನೆಯೊಳಗೇ ಇರಬೇಕೆಂಬ ಆಜ್ಞೆ ಬಂದಾಗ ಅವರು ಹಿಡಿದ ದಾರಿಯೇ ಬೇರೆ. ಕೂಡುರಸ್ತೆಗಳಲ್ಲಿ ಬಲಿಪೀಠ ಕಟ್ಟಿಸಿದರು. ಪಾದ್ರಿ ಬೀದಿಯಲ್ಲಿ ಪೂಜೆ ಅರ್ಪಿಸಿದರೆ ಜನ ಕಿಟಕಿಯಲ್ಲಿ ನಿಂತು ಪಾಲ್ಗೊಂಡರು. ದಿನಕ್ಕೆ ಏಳು ಸಲ ಗಂಟೆ ಮೊಳಗುತ್ತಿತ್ತು. ಒಂದು ಮನೆಯವರು ಹೇಳಿದ ಪ್ರಾರ್ಥನೆಗೆ ಎದುರು ಮನೆಯವರು ದನಿಗೂಡಿಸುತ್ತಿದ್ದರು. ಪಾಪನಿವೇದನೆಯನ್ನೂ ಪಾದ್ರಿಗಳು ಬಾಗಿಲಾಚೆ ಕುಳಿತೇ ಕೇಳಿದರು. ಹಾಗಿದ್ದೂ ಸತ್ತವರು ಸುಮಾರು 17,000. ಮುಂದೆ ಅವರು ರೋಗಿಗಳ ಲಜರೆತ್ತೊ ಅಂಗಳದ ನಡುವೆ ಸುತ್ತಲೂ ಗೋಡೆಯಿಲ್ಲದ ಇಗರ್ಜಿಯೊಂದನ್ನು ಕಟ್ಟಿಸತೊಡಗಿದರು. ಸುತ್ತಲಿನ 288 ಕೋಣೆಗಳ ಬಾಗಿಲಲ್ಲಿ ನಿಂತೇ ರೋಗಿಗಳು ಪೂಜೆ ನೋಡಬಹುದಿತ್ತು.

1610ರಲ್ಲಿ ಕಾರ್ಲೊ ಸಂತರಾದರು. 1630ರಲ್ಲಿ ಪ್ಲೇಗು ಮರಳಿದಾಗ ಅವರ ಚಿಕ್ಕಪ್ಪನ ಮಗ ಫೆದೆರಿಕೊ ಬೊರೊಮಿಯೊ ಆರ್ಚ್‌ಬಿಷಪ್. ಸಂತರ ಪಾರ್ಥಿವ ಶರೀರವನ್ನು ಊರಲ್ಲಿ ಮೆರವಣಿಗೆ ಮಾಡಿಸಿ ಎಂದು ನಗರದ ಮುಖಂಡರು ಕೇಳಿಕೊಂಡರು. ಫೆದೆರಿಕೊ ಮೊದಲು ಒಪ್ಪಲಿಲ್ಲ, ಕೊನೆಗೆ ಮಣಿದರು. ಆರೋಗ್ಯಾಧಿಕಾರಿಗಳು ಸೋಂಕಿನ ಮನೆಗಳ ಬಾಗಿಲಿಗೆ ಮೊಳೆ ಹೊಡೆಸಿದರು. ಅವರ ಕೈಲಾದದ್ದು ಅಷ್ಟೇ. ಜೂನ್ 11ರ ಬೆಳಗಿನ ಜಾವ ಹೊರಟ ಮೆರವಣಿಗೆಯಲ್ಲಿ ಊರಿಗೆ ಊರೇ ಸೇರಿತ್ತು. ಅದರ ಬೆನ್ನಿಗೇ ಸಾವು ದಿಢೀರನೆ ಏರಿತೆಂದು ಮಿಲಾನಿನವರೇ ಆದ ಕಾದಂಬರಿಕಾರ ಮಾಂಝೋನಿ ಬರೆದಿದ್ದಾರೆ.

ಜನಜಂಗುಳಿಯನ್ನು ಹೆಚ್ಚಿನವರು ದೂರಲಿಲ್ಲ. ಗುಂಪಿನಲ್ಲಿ ನುಸುಳಿ ಯಾರೋ ವಿಷದ ಲೇಪ ಸವರಿದರೆಂಬ ಗುಲ್ಲೆದ್ದಿತು. ಜೂನ್ 21ರಂದು ಗುಲಿಯೆಲ್ಮೊ ಪಿಯಾತ್ಸಾ ಎಂಬ ಆರೋಗ್ಯ ಇಲಾಖೆಯ ನೌಕರ ಗೋಡೆಗೆ ಕೈ ಒರೆಸಿದ್ದನ್ನು ಹೆಂಗಸೊಬ್ಬಳು ಕಿಟಕಿಯಿಂದ ಕಂಡಳು. ಶಾಯಿ ಮೆತ್ತಿದ ಬೆರಳನ್ನು ಒರೆಸಿದ್ದಿರಬೇಕು, ಅಷ್ಟೇ. ಚಿತ್ರಹಿಂಸೆಯ ಬಳಿಕ ಆತ ಜಾನ್‌ಜಾಕೊಮೊ ಮೋರಾ ಎಂಬ ಕ್ಷೌರಿಕನ ಹೆಸರು ಹೇಳಿದ. ಇಬ್ಬರನ್ನೂ ಬರ್ಬರವಾಗಿ ಕೊಂದರು. 2020ರ ಏಪ್ರಿಲ್‌ನಲ್ಲಿ ಗಾಡಿಯವನ ಹೆಸರು ಕೇಳಿಕೊಂಡು ತರಕಾರಿ ಬೇಡವೆಂದವರನ್ನು ಕಂಡ ನಮಗೆ ಈ ಭಾಗ ಓದುವಾಗ ಪುಟ ಮಗುಚಲಾಗಲಿಲ್ಲ.

ಮೋರಾನ ಮನೆ ಕೆಡವಿ, ಅಲ್ಲಿ ಅವನ ಅಪಕೀರ್ತಿಗೆಂದು ಕಂಬವೊಂದನ್ನು ನಿಲ್ಲಿಸಿದರು. ಅದು ಉರುಳಿದ್ದು 1778ರಲ್ಲಿ. ಅದರ ಶಾಸನದ ಕಲ್ಲು ಈಗ ನಗರದ ಸ್ಫೋರ್ಜಾ ಕೋಟೆಯಲ್ಲಿದೆ. ಕಾರ್ಲೊ ಕಾಲದ ಬೀದಿ ಬಲಿಪೀಠಗಳ ನೆನಪಿನ ಶಿಲುಬೆಗಂಬಗಳಲ್ಲಿ ಕೆಲವು ಮಾತ್ರ ಇನ್ನೂ ಮಿಲಾನಿನ ಕೂಡುರಸ್ತೆಗಳಲ್ಲೇ ನಿಂತಿವೆ.