ಬಿಸಿಲು ಒಂದೇ, ಸರ್ಕಾರ ಎರಡು

ಬಳ್ಳಾರಿ ಬಿಸಿಲು ಜಾಸ್ತಿಯೋ, ಬಿಜಾಪುರದ್ದೋ? ಪ್ರತಿ ಬೇಸಿಗೆಗೂ ಈ ಜಗಳ ಇದ್ದದ್ದೇ. ನಮ್ಮಲ್ಲಿರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ಬಳ್ಳಾರಿಯವರು ಹೆಮ್ಮೆಯಿಂದಲೇ ಹೇಳ್ತಾರೆ. ಬಿಜಾಪುರದವರು ಬಿಟ್ಟುಕೊಡೋದಿಲ್ಲ.

ಉಷ್ಣಮಾಪಕವನ್ನು ಕೇಳಿದರೆ ಅದು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಏಪ್ರಿಲ್-ಮೇನಲ್ಲಿ ಎರಡೂ ಕಡೆ ಹಗಲು 40 ಡಿಗ್ರಿಯ ಆಸುಪಾಸು. ವರ್ಷದ ಮಳೆ ಬಳ್ಳಾರಿಗೆ ಸುಮಾರು 500 ಮಿ.ಮೀ., ಬಿಜಾಪುರಕ್ಕೆ ತುಸು ಹೆಚ್ಚು. ಎರಡೂ ಸಹ್ಯಾದ್ರಿಯ ಮಳೆನೆರಳಿನ ಊರುಗಳು. ಸೆಪ್ಟೆಂಬರ್ ನಡುವಿನ ಉತ್ತರಿ, ಅದರ ಬೆನ್ನಿಗೆ ಬರೋ ಹಸ್ತ ಕೈಹಿಡಿದರೆ ಬದುಕು, ಇಲ್ಲದಿದ್ದರೆ ಗುಳೆ.

ವ್ಯತ್ಯಾಸ ಕಾಣೋದು ರಾತ್ರಿಯಲ್ಲಿ, ನೆಲದಲ್ಲಿ. ಬಿಜಾಪುರ ನೂರು ಮೀಟರಿಗೂ ಹೆಚ್ಚು ಎತ್ತರದ ಬಯಲು. ಚಳಿಗಾಲದ ರಾತ್ರಿ ಅಲ್ಲಿ ಕಂಬಳಿ ಬೇಕು. ಬಳ್ಳಾರಿಯಲ್ಲಿ ಹಗಲೆಲ್ಲ ಕಾದ ಬಂಡೆಗುಡ್ಡ ಕತ್ತಲಾದ ಮೇಲೂ ಝಳ ಬಿಡುತ್ತಲೇ ಇರುತ್ತದೆ. ಬಿಜಾಪುರದ ಎರೆಭೂಮಿ ಒಮ್ಮೆ ನೀರು ಕುಡಿದರೆ ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಜೋಳ ಆ ಹಸಿಯಲ್ಲೇ, ಮೇಲೊಂದು ಮಳೆಯಿಲ್ಲದೆಯೂ ತೆನೆ ಕಟ್ಟುತ್ತದೆ. ಬಳ್ಳಾರಿ ಸೀಮೆಯಲ್ಲಿ ಎರೆಯೂ ಉಂಟು, ಮಸಾರಿಯೂ ಉಂಟು. ಮಸಾರಿಗೆ ಆ ತಾಳ್ಮೆಯಿಲ್ಲ.

ಆದರೆ 1876ರಲ್ಲಿ ಎರೆಯೂ ಮಸಾರಿಯೂ ಒಂದೇ ಆದವು. ಮುಂಗಾರು ಕೈಕೊಟ್ಟಿತು, ಹಿಂಗಾರಿಯೂ ಬರಲಿಲ್ಲ. ಧಾತು-ಈಶ್ವರ ಸಂವತ್ಸರಗಳ ಆ ಬರವನ್ನು ನಮ್ಮ ಹಿರೀಕರು ಹೆಸರು ಹಿಡಿದೇ ನೆನೆಯುತ್ತಿದ್ದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು. ಬಿಜಾಪುರ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿತ್ತು. ಆದಿಲಶಾಹಿಗಳ ರಾಜಧಾನಿ ಆ ಹೊತ್ತಿಗೆ ಪಾಳುಬಿದ್ದ ಊರು. ಜಿಲ್ಲಾ ಕಚೇರಿ ಅಲ್ಲಿಗೆ ಬಂದದ್ದು 1885ರಲ್ಲಿ. ದೊಡ್ಡ ರಾಜಧಾನಿಗೆ ನೀರುಣಿಸಲು ಕಟ್ಟಿದ್ದ ತಾಜ್ ಬಾವಡಿ, 1651ರ ಬೇಗಂ ತಲಾಬ್ ಎಲ್ಲ ಇದ್ದವು, ನಿಜ. ಆದರೆ ಬಾವಿ ನೀರು ಕುಡಿದು ಎಷ್ಟು ದಿನ ಬದುಕೋದು? ಬೇಕಾದದ್ದು ಕಾಳು.

ಕಾಳು ಬರುವ ದಾರಿ ಬಳ್ಳಾರಿಗಿತ್ತು. ಮದ್ರಾಸ್ ಕಡೆಯಿಂದ ರೈಲು ಆಗಲೇ ಬಂದಿತ್ತು. ಬಿಜಾಪುರದವರಿಗೆ ಹತ್ತಿರದ ದೊಡ್ಡ ಸ್ಟೇಷನ್ ಅಂದರೆ ನೂರು ಕಿಲೋಮೀಟರ್ ಆಚೆಯ ಸೊಲ್ಲಾಪುರ. ಅಲ್ಲಿಂದ ಚಕ್ಕಡಿಯಲ್ಲಿ ತರಬೇಕು, ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದವು. ಹಾಗಾದರೆ ಬಳ್ಳಾರಿ ಉಳಿದಿರಬೇಕಲ್ಲ?

ಉಳಿಯಲಿಲ್ಲ. 1870ರ ದಶಕದ ಮೊದಲ ಜನಗಣತಿಗೂ 1881ರ ಗಣತಿಗೂ ನಡುವೆ ಎರಡೂ ಜಿಲ್ಲೆಗಳಲ್ಲಿ ಸರಿಸುಮಾರು ಐದರಲ್ಲೊಂದು ಪಾಲು ಜನ ಕಡಿಮೆಯಾದರು, ಸತ್ತವರು, ಊರು ಬಿಟ್ಟವರು ಸೇರಿ. ರೈಲಿದ್ದ ಕಡೆಯೂ ಅಷ್ಟೇ, ಇಲ್ಲದ ಕಡೆಯೂ ಅಷ್ಟೇ. ನನಗೆ ಈ ಬರದ ಇತಿಹಾಸದಲ್ಲಿ ಎಲ್ಲಕ್ಕಿಂತ ಕಾಡುವುದು ಈ ಸಮಾನತೆಯೇ.

ಮದ್ರಾಸ್ ಸರ್ಕಾರ ಶುರುವಿನಲ್ಲಿ ತಾನೇ ಧಾನ್ಯ ಕೊಂಡಿತು. ಕಲ್ಕತ್ತಾದ ದೊಡ್ಡ ಸರ್ಕಾರ ಅದಕ್ಕೆ ಗದರಿತು: ವ್ಯಾಪಾರದಲ್ಲಿ ಕೈಹಾಕಬೇಡಿ. ಬೆಲೆ ಏರಿತು, ಸ್ಟೇಷನ್ನಿಗೆ ಬಂದ ಮೂಟೆ ಕೂಲಿಯವನ ಕೈಗೆಟುಕಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋ ಹಾಗೆ. ಖರ್ಚು ತಗ್ಗಿಸಲು ಬಂದ ಸರ್ ರಿಚರ್ಡ್ ಟೆಂಪಲ್ 1877ರ ಜನವರಿಯಲ್ಲಿ ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಪುಡಿಗಾಸು ಅನ್ನುವಷ್ಟಕ್ಕೆ ಇಳಿಸಿದ. ಕಲ್ಲು ಒಡೆಯುವವನಿಗೆ ಅರ್ಧ ಕಿಲೋಗಿಂತ ಕಡಿಮೆ! ಮುಂಬಯಿ ಪ್ರಾಂತದಲ್ಲಿ ಜನ ಕಾಮಗಾರಿ ಬಿಟ್ಟು ಎದ್ದು ಹೋದರು. ಮದ್ರಾಸಿನ ಆರೋಗ್ಯ ಕಮಿಷನರ್ ಕಾರ್ನಿಶ್ ಇದು ಸಾವಿನ ಪಡಿ ಅಂತ ವಾದಿಸುತ್ತಲೇ ಹೋದ. ಕೊನೆಗೆ ಮದ್ರಾಸ್ ಕೂಲಿ ಏರಿಸಿತು. ಅಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು.

ಬಿಜಾಪುರಕ್ಕೆ ರೈಲು ಬಂದದ್ದು ಬರ ಮುಗಿದ ಮೇಲೆ, 1884ರಲ್ಲಿ, ಹೊಟಗಿ-ಗದಗ ಮಾರ್ಗವಾಗಿ. ಅದನ್ನು ಹಾಕಿದ್ದೇ ಬರ ನಿವಾರಣೆಗೆ ಅಂತ.