ಯಜಮಾನ ಕೈಬಿಟ್ಟ ಮನೆ: ಪೈಥಾನ್‌ಗೆ ಪಂಚಾಯ್ತಿ ಬಂದ ಕಥೆ

ಹೋದ ವಾರದ ವಿಡಿಯೋ ನೋಡೋಕೆ ಪುರುಸೊತ್ತು ಆಗದವರಿಗೆ, ಆಫೀಸ್ ಬಸ್ಸಿನಲ್ಲಿ ಕೂತು ಓದೋದೇ ಸುಲಭ ಅನ್ನೋರಿಗೆ ಅದರ ಬರಹರೂಪ ಇಲ್ಲಿದೆ. ಮಾತಿನ ಆತುರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೇನೆ.

2018ರ ಜುಲೈ 13, ಶುಕ್ರವಾರ. ಪುಣೆಯ ಹಿಂಜವಡಿಯಲ್ಲಿ ನಮ್ಮ ಟೀಮಿನ ಚಾಟ್‌ನಲ್ಲಿ ಬೆಳಿಗ್ಗೆಯೇ ಒಂದು ಲಿಂಕ್ ಬಂದಿತ್ತು. ಪೈಥಾನ್ ಭಾಷೆಯನ್ನು ಹುಟ್ಟುಹಾಕಿದ ಗ್ವಿಡೋ ವಾನ್ ರೋಸಮ್ ಹಿಂದಿನ ದಿನ ಯಜಮಾನಿಕೆ ಬಿಟ್ಟಿದ್ದರು. ನಮ್ಮಲ್ಲಿ ಯಾರೂ ಅದನ್ನು ದೊಡ್ಡ ಸುದ್ದಿ ಅಂದ್ಕೊಳ್ಳಲಿಲ್ಲ. "ಬಿಡು ಮಾರಾಯ, ಬೇರೆ ಯಾರೋ ಬರ್ತಾರೆ" ಅಂದವನು ನಾನೇ. ಆಗ ನಮ್ಮ ಅರ್ಧ ಸಿಸ್ಟಂ ಪೈಥಾನ್ ಮೇಲೆ ಓಡ್ತಿತ್ತು. ಆದ್ರೂ ಆ ಭಾಷೆಯನ್ನು ಯಾರು ನಡೆಸ್ತಾರೆ, ಯಾವ ಕಾನೂನಿನ ಮೇಲೆ ನಡೆಸ್ತಾರೆ ಅಂತ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಗ್ವಿಡೋ ಬರೆದ ಆ ಇಮೇಲ್ ತುಂಬ ಚಿಕ್ಕದು. ಅದರ ಶೀರ್ಷಿಕೆ 'ಟ್ರಾನ್ಸ್‌ಫರ್ ಆಫ್ ಪವರ್', ಅಂದ್ರೆ ಅಧಿಕಾರ ಹಸ್ತಾಂತರ. ತಮಾಷೆ ಅಂದ್ರೆ ಒಳಗೆ ಹಸ್ತಾಂತರವೇ ಇಲ್ಲ! ಒಂದು ಪ್ರಸ್ತಾಪಕ್ಕಾಗಿ ಇಷ್ಟೊಂದು ಹೊಡೆದಾಡಿ, ಕೊನೆಗೆ ಇಷ್ಟು ಜನ ನನ್ನ ತೀರ್ಮಾನವನ್ನು ದ್ವೇಷಿಸೋದನ್ನು ಮತ್ತೆಂದೂ ನೋಡೋಕೆ ಇಷ್ಟ ಇಲ್ಲ ಅಂತ ಬರೆದರು. ನನಗೂ ವಯಸ್ಸಾಗ್ತಿದೆ, ಆ ಬಸ್ಸು ಹೇಗೂ ತಿರುವಿನಲ್ಲಿ ಕಾಯ್ತಿದೆ ಅಂದರು. ಉತ್ತರಾಧಿಕಾರಿಯನ್ನು ನೇಮಿಸೋದಿಲ್ಲ ಅಂತ ಸ್ಪಷ್ಟವಾಗಿ ಹೇಳಿ, ಈಗ ನೀವೆಲ್ಲ ಏನು ಮಾಡ್ತೀರಿ, ಪ್ರಜಾಪ್ರಭುತ್ವವೋ, ಅರಾಜಕತೆಯೋ, ಇನ್ನೊಂದು ಸರ್ವಾಧಿಕಾರವೋ ಅಂತ ಪ್ರಶ್ನೆಯನ್ನು ಅವರ ಮುಂದೆಯೇ ಇಟ್ಟರು.

ಆ ಬಸ್ಸಿನ ಮಾತಿಗೆ 24 ವರ್ಷದ ಹಿನ್ನೆಲೆ ಇದೆ. ಗ್ವಿಡೋ ಪೈಥಾನ್ ಬರೆಯೋಕೆ ಶುರು ಮಾಡಿದ್ದು 1989ರ ಕ್ರಿಸ್‌ಮಸ್ ರಜೆಯಲ್ಲಿ, ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಶೋಧನಾ ಸಂಸ್ಥೆಯಲ್ಲಿದ್ದಾಗ. 1991ರ ಫೆಬ್ರವರಿಯಲ್ಲಿ ಅದನ್ನು ಹೊರಜಗತ್ತಿಗೆ ಬಿಟ್ಟರು. 1994ರ ಜೂನ್‌ನಲ್ಲಿ, ಆಗಿನ್ನೂ ಪುಟ್ಟದಾಗಿದ್ದ ಬಳಕೆದಾರರ ಗುಂಪಿನಲ್ಲಿ ಒಬ್ಬರು ನೇರವಾಗಿ ಕೇಳಿಬಿಟ್ಟರು: ಗ್ವಿಡೋಗೆ ಬಸ್ಸು ಗುದ್ದಿದರೆ ನಮ್ಮ ಗತಿ ಏನು? ಒಬ್ಬನೇ ಮನುಷ್ಯನ ಮೇಲೆ ನಿಂತಿರೋ ಭಾಷೆಯನ್ನು ನಂಬಿ ಕೆಲಸ ಮಾಡೋದು ಹೇಗೆ ಅನ್ನೋ ನ್ಯಾಯವಾದ ಭಯ ಅದು.

ಪ್ರಶ್ನೆಗೆ ಉತ್ತರ ಸಿಗಲಿಲ್ಲ, ಬದಲಿಗೆ ಒಂದು ಬಿರುದು ಸಿಕ್ಕಿತು. 1995ರಲ್ಲಿ ಗ್ವಿಡೋ ಅಮೆರಿಕಕ್ಕೆ ಹೋದ ಹೊಸತರಲ್ಲಿ, ಭಾಷೆಯ ಕೆಲಸ ನೋಡಿಕೊಳ್ಳೋಕೆ ಒಂದು ಅರೆ ಔಪಚಾರಿಕ ಗುಂಪು ಕಟ್ಟೋ ಮಾತು ನಡೆದಿತ್ತು. ಅದರ ಬಗ್ಗೆ ಹೋದ ಒಂದು ಇಮೇಲ್‌ನಲ್ಲಿ ಎಲ್ಲರಿಗೂ ತಮಾಷೆಯ ಪದವಿಗಳನ್ನು ಹಂಚಿದ್ದರು. ಗ್ವಿಡೋಗೆ ಸಿಕ್ಕಿದ್ದು 'ಫಸ್ಟ್ ಇಂಟೆರಿಮ್ ಬೆನೆವೊಲೆಂಟ್ ಡಿಕ್ಟೇಟರ್ ಫಾರ್ ಲೈಫ್', ಅಂದ್ರೆ ಮೊದಲ ಹಂಗಾಮಿ ಆಜೀವ ದಯಾಳು ಸರ್ವಾಧಿಕಾರಿ. ಆಜೀವ, ಆದ್ರೆ ಹಂಗಾಮಿ! ಕಾಲ ಕಳೆದಂತೆ ಹಂಗಾಮಿ ಅನ್ನೋದು ಉದುರಿಹೋಯ್ತು, ತಮಾಷೆ ಅನ್ನೋದೂ ಮರೆತುಹೋಯ್ತು. ಬಿಡಿಎಫ್‌ಎಲ್ ಅನ್ನೋ ನಾಲ್ಕಕ್ಷರವೇ ಪೈಥಾನ್‌ನ ಅಲಿಖಿತ ಸಂವಿಧಾನ ಆಯ್ತು.

ಸರ್ವಾಧಿಕಾರ ಅಂದ ಮಾತ್ರಕ್ಕೆ ದಿನಾ ಚಾಟಿ ಬೀಸ್ತಿದ್ರು ಅಂತಲ್ಲ. 2000ದಿಂದ ಪೆಪ್ ಅನ್ನೋ ಲಿಖಿತ ಪ್ರಸ್ತಾಪಗಳ ಪದ್ಧತಿ ಬಂತು. ಭಾಷೆಗೆ ಏನಾದ್ರೂ ಸೇರಿಸಬೇಕಾ, ಪೆಪ್ ಬರೆದು ಚರ್ಚೆಗೆ ಇಡಬೇಕು. 2001ರಲ್ಲಿ ಪೈಥಾನ್ ಸಾಫ್ಟ್‌ವೇರ್ ಫೌಂಡೇಶನ್ ಹುಟ್ಟಿತು. ಹಕ್ಕುಸ್ವಾಮ್ಯ, ಟ್ರೇಡ್‌ಮಾರ್ಕ್, ಹಣ, ಸಮ್ಮೇಳನ ಎಲ್ಲ ಅದರ ಪಾಲಿಗೆ. ಆದ್ರೆ ಭಾಷೆಯ ವಿನ್ಯಾಸದಲ್ಲಿ ಅದಕ್ಕೆ ಮಾತಿಲ್ಲ. ಕೊನೆಕೊನೆಗೆ ಗ್ವಿಡೋ ಎಷ್ಟೋ ಪೆಪ್‌ಗಳ ತೀರ್ಮಾನವನ್ನು ಬೇರೆಯವರಿಗೆ ವಹಿಸ್ತಿದ್ದರು. ಹಾಗಿದ್ರೂ ಆ ವಹಿಸೋ ಅಧಿಕಾರ ಅವರದೇ. ನಮ್ಮ ಕಡೆ ಅವಿಭಕ್ತ ಕುಟುಂಬದಲ್ಲಿ ಅಜ್ಜ ಹೊಲಕ್ಕೆ ಹೋಗೋದು ಬಿಟ್ಟು ವರ್ಷಗಳಾದ್ರೂ ಬೀಗದ ಕೈ ಅವರ ಸೊಂಟದಲ್ಲೇ ಇರತ್ತಲ್ಲ, ಹಾಗೆ.

ಇನ್ನು ಆ ಜಗಳದ ವಿಷಯ. ಪೆಪ್ 572 ಕೇಳಿದ್ದು ಒಂದು ಸಣ್ಣ ಚಿಹ್ನೆ, := ಅನ್ನೋದು. ವಾಲ್ರಸ್ ಪ್ರಾಣಿಯ ಕಣ್ಣು ಮತ್ತು ಕೋರೆಹಲ್ಲಿನ ಥರ ಕಾಣತ್ತೆ ಅಂತ ಅದಕ್ಕೆ ವಾಲ್ರಸ್ ಅಂತ ಅಡ್ಡಹೆಸರು. ಸಿ ಭಾಷೆ ಬರೆದವರಿಗೆ ಗೊತ್ತು, ಇಫ್ ಷರತ್ತಿನ ಒಳಗೆ ಎರಡು ಈಕ್ವಲ್ ಹಾಕೋ ಕಡೆ ಒಂದೇ ಹಾಕಿ ರಾತ್ರಿಯಿಡೀ ಬಗ್ ಹುಡುಕಿದ ಅನುಭವ ಎಲ್ಲರಿಗೂ ಇರತ್ತೆ. ಪೈಥಾನ್ ಆ ಬಾಗಿಲನ್ನೇ ಮುಚ್ಚಿತ್ತು, ಷರತ್ತಿನ ಒಳಗೆ ಬೆಲೆ ತುಂಬೋದೇ ಸಾಧ್ಯವಿರಲಿಲ್ಲ. ವಾಲ್ರಸ್ ಬೇರೆ ಚಿಹ್ನೆಯಲ್ಲಿ ಆ ಬಾಗಿಲನ್ನು ಅರ್ಧ ತೆರೀತು. ಒಂದು ಸಾಲು ಉಳಿಯತ್ತೆ ಅಂತ ಕೆಲವರು, ಓದೋಕೆ ಸರಳವಾಗಿರೋ ಭಾಷೆಯನ್ನು ಕೆಡಿಸ್ತಿದ್ದೀರಿ ಅಂತ ಉಳಿದವರು. ತಿಂಗಳುಗಟ್ಟಲೆ ಇಮೇಲ್ ಸಮರ ನಡೀತು. ಗ್ವಿಡೋ ಸ್ವತಃ ಆ ಪ್ರಸ್ತಾಪದ ಮೂವರು ಲೇಖಕರಲ್ಲಿ ಒಬ್ಬರು. ಬರೆದವರೂ ಅವರೇ, ತೀರ್ಪು ಕೊಟ್ಟವರೂ ಅವರೇ. ಅವರ ಹತ್ತಿರದವರೇ ಎಷ್ಟೋ ಜನ ಎದುರು ನಿಂತಿದ್ದರು.

ನನಗೆ ಅನಿಸೋದು, ಸಮಸ್ಯೆ ವಾಲ್ರಸ್‌ದಾಗಿರಲಿಲ್ಲ. ಇವತ್ತು ಅದನ್ನು ಬಳಸೋರು ಬಳಸ್ತಾರೆ, ಬಿಡೋರು ಬಿಡ್ತಾರೆ, ಆಕಾಶವೇನೂ ಬೀಳಲಿಲ್ಲ. ಆದ್ರೆ ಒಬ್ಬನೇ ತೀರ್ಪು ಕೊಡೋ ಕಡೆ, ತೀರ್ಪಿನ ಮೇಲಿನ ಸಿಟ್ಟೆಲ್ಲ ಒಬ್ಬನ ಮೇಲೇ ಬೀಳತ್ತೆ. ಊರಿನ ಹತ್ತು ಜನ ಪೈಥಾನ್ ಬಳಸ್ತಿದ್ದಾಗ ಆ ಭಾರ ಹೊರಬಹುದಿತ್ತು. ಡೇಟಾ ಸೈನ್ಸ್ ಬಂದು, ಜಗತ್ತಿನ ಅರ್ಧ ಜನ ಅದನ್ನು ಕಲಿಯೋ ಹೊತ್ತಿಗೆ ಒಬ್ಬ ಮನುಷ್ಯನ ಬೆನ್ನಿಗೆ ಅದು ಜಾಸ್ತಿಯಾಯ್ತು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಕೂಡ ತಮ್ಮ ಒರಟು ಮಾತಿಗೆ ಕ್ಷಮೆ ಕೇಳಿ ಲಿನಕ್ಸ್ ಕರ್ನಲ್‌ನಿಂದ ಕೆಲವು ವಾರ ದೂರ ಸರಿದರು. ಗ್ರೆಗ್ ಕ್ರೋವಾ-ಹಾರ್ಟ್‌ಮನ್ 4.19 ಆವೃತ್ತಿಯನ್ನು ದಡ ಮುಟ್ಟಿಸಿದರು, ಅಕ್ಟೋಬರ್‌ನಲ್ಲಿ ಲಿನಸ್ ವಾಪಸ್ ಬಂದರು. ಅಲ್ಲಿ ಯಜಮಾನ ರಜೆ ಹಾಕಿದ್ದ, ಅಷ್ಟೇ. ಇಲ್ಲಿ ಮನೆಯ ನಕ್ಷೆಯನ್ನೇ ಹೊಸದಾಗಿ ಬರೀಬೇಕಿತ್ತು.

ಬರೆಯೋಕೆ ಹಿಡಿದದ್ದು ಹತ್ತಿರ ಹತ್ತಿರ ಏಳು ತಿಂಗಳು. ಅಷ್ಟು ದಿನ ದೊಡ್ಡ ಪ್ರಸ್ತಾಪಗಳ ತೀರ್ಮಾನ ಬಹುತೇಕ ನಿಂತೇಹೋಯ್ತು. ಮೊದಲ ತೊಡಕು ಏನು ಗೊತ್ತಾ? ಹೊಸ ಆಡಳಿತ ಹೇಗಿರಬೇಕು ಅಂತ ತೀರ್ಮಾನಿಸೋಕೆ ಅಧಿಕಾರ ಯಾರಿಗಿದೆ ಅನ್ನೋದೇ ಎಲ್ಲೂ ಬರೆದಿರಲಿಲ್ಲ. ಕೋರ್ ಡೆವಲಪರ್‌ಗಳು, ಅಂದ್ರೆ ಮೂಲ ಕೋಡ್ ಬದಲಿಸೋ ಹಕ್ಕಿದ್ದವರು, ನಾವೇ ಮತ ಹಾಕೋಣ ಅಂತ ತಮ್ಮತಮ್ಮಲ್ಲೇ ಒಪ್ಪಿಕೊಂಡರು. ಪೆಪ್ 8000ದಿಂದ ಒಂದು ಹೊಸ ಸರಣಿಯನ್ನೇ ತೆರೆದರು. ಅದರಲ್ಲೊಂದು ಪೆಪ್ ರಸ್ಟ್, ಜ್ಯಾಂಗೋ ಮೊದಲಾದ ಬೇರೆ ಯೋಜನೆಗಳು ಹೇಗೆ ನಡೀತವೆ ಅಂತ ಸಮೀಕ್ಷೆ ಮಾಡೋಕೇ ಮೀಸಲು. ಇದು ನನಗೆ ತುಂಬ ಹಿಡಿಸಿದ ವಿಷಯ. ಜಗಳಕ್ಕೆ ಮೊದಲು ನಾಲ್ಕು ಮನೆ ನೋಡಿ ಬಂದರು.

ಕಣದಲ್ಲಿ ಏಳು ಮಾದರಿಗಳು ಉಳಿದವು. ಒಂದು, ಇನ್ನೊಬ್ಬ ಒಂಟಿ ನಾಯಕ ಇರಲಿ ಅಂದಿತು. ಒಂದು, ಮೂವರು ಸಾಕು ಅಂತು. ಲೂಕಾಶ್ ಲಾಂಗಾ ಬರೆದದ್ದು ನಾಯಕತ್ವವೇ ಬೇಡ, ತಜ್ಞರೂ ಸಮುದಾಯವೂ ಸೇರಿ ನಡೆಸಲಿ ಅಂತು. ಸ್ಟೀವ್ ಡವರ್ ಅವರದ್ದು ಎಲ್ಲಕ್ಕಿಂತ ವಿಚಿತ್ರ, ತೀರ್ಪು ಕೊಡೋ ಸಮಿತಿಯಲ್ಲಿ ಕೋರ್ ಡೆವಲಪರ್‌ಗಳೇ ಇರಬಾರದು ಅಂತ. ಹುಚ್ಚು ಅನಿಸಿದ್ರೂ ಅದರಲ್ಲೊಂದು ಅರ್ಥ ಇತ್ತು, ಅಡುಗೆ ಮಾಡಿದವನೇ ರುಚಿಗೆ ಅಂಕ ಕೊಡಬಾರದು.

ಮತ ಎಣಿಸೋದು ಹೇಗೆ ಅನ್ನೋದರ ಮೇಲೂ ದೊಡ್ಡ ಚರ್ಚೆ. ನಮ್ಮ ವಿಧಾನಸಭೆ ಚುನಾವಣೆ ನೆನಪಿಸಿಕೊಳ್ಳಿ. ಏಳು ಅಭ್ಯರ್ಥಿಗಳಿದ್ದರೆ ನೂರಕ್ಕೆ ಇಪ್ಪತ್ತೈದು ಮತ ಬಿದ್ದವನೂ ಗೆಲ್ಲಬಹುದು, ಉಳಿದ ಎಪ್ಪತ್ತೈದು ಮಂದಿಗೆ ಅವನ ಮುಖ ನೋಡೋಕೂ ಆಗದೇ ಇರಬಹುದು. ಕೊನೆಗೆ ಅವರು ಆರಿಸಿದ್ದು ಕಾಂಡೊರ್ಸೆ ಪದ್ಧತಿ. ಪ್ರತಿಯೊಬ್ಬರೂ ಎಲ್ಲ ಆಯ್ಕೆಗಳನ್ನೂ ಇಷ್ಟದ ಕ್ರಮದಲ್ಲಿ ಜೋಡಿಸ್ತಾರೆ. ಆಮೇಲೆ ಎರಡೆರಡನ್ನೇ ಕುಸ್ತಿಗೆ ಬಿಟ್ಟ ಹಾಗೆ ಲೆಕ್ಕ ಹಾಕ್ತಾರೆ. ಉಳಿದ ಎಲ್ಲರನ್ನೂ ಒಬ್ಬೊಬ್ಬರಾಗಿ ಸೋಲಿಸೋ ಪೈಲ್ವಾನನೇ ವಿಜೇತ. ಡೆಬಿಯನ್ ಯೋಜನೆಯವರು ಎಷ್ಟೋ ವರ್ಷಗಳಿಂದ ಇಂಥ ಎಣಿಕೆಯನ್ನೇ ಬಳಸ್ತಾರೆ. ಏಳರ ಜೊತೆ ಎಂಟನೇ ಆಯ್ಕೆಯೂ ಮತಪತ್ರದಲ್ಲಿತ್ತು: ಇನ್ನೂ ಚರ್ಚೆ ಬೇಕು.

2018ರ ಡಿಸೆಂಬರ್ ಮೊದಲ ಎರಡು ವಾರ ಮತದಾನ ನಡೆದು, ಪೆಪ್ 8016 ಗೆದ್ದಿತು. ಬರೆದವರು ನಥಾನಿಯಲ್ ಸ್ಮಿತ್ ಮತ್ತು ಡೊನಾಲ್ಡ್ ಸ್ಟಫ್ಟ್. ಅದರ ಗುರಿಗಳ ಪಟ್ಟಿಯಲ್ಲಿ ಮೊದಲನೆಯದು ಏನಂದ್ರೆ, ಬೋರಿಂಗ್ ಆಗಿರಬೇಕು! ನಾವು ಆಡಳಿತಶಾಸ್ತ್ರದ ಪಂಡಿತರಲ್ಲ, ಪೈಥಾನ್ ಮೇಲೆ ಹೊಸ ಪ್ರಯೋಗ ಮಾಡೋದು ಬೇಡ, ಬೇರೆಯವರು ಬಳಸಿ ಸವೆದ ದಾರಿಯೇ ಸಾಕು ಅನ್ನೋ ಅರ್ಥದಲ್ಲಿ. ಜ್ಯಾಂಗೋದ ನಿಯಮಾವಳಿಯಿಂದ ಸಾಕಷ್ಟು ಎತ್ತಿಕೊಂಡಿದ್ದನ್ನು ಮುಚ್ಚಿಡಲೂ ಇಲ್ಲ. ಎಂಜಿನಿಯರ್‌ಗಳು ಬರೆದ ದಾಖಲೆಯೊಂದು ತಾನು ಬೋರ್ ಹೊಡೆಸ್ತೀನಿ ಅಂತ ಹೆಮ್ಮೆಯಿಂದ ಹೇಳಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಿಯಮಗಳು ಸರಳ. ಐದು ಜನರ ಸ್ಟೀರಿಂಗ್ ಕೌನ್ಸಿಲ್. ನಮ್ಮ ಪಂಚಾಯ್ತಿ ಅನ್ನೋ ಪದದಲ್ಲಿರೋದೂ ಐದೇ ನೋಡಿ. ಭಾಷೆಯ ಪ್ರತಿ ಹೊಸ ಆವೃತ್ತಿ ಬಂದ ಮೇಲೆ ಮತ್ತೆ ಚುನಾವಣೆ. ಒಂದೇ ಕಂಪನಿಯಿಂದ ಇಬ್ಬರಿಗಿಂತ ಹೆಚ್ಚು ಜನ ಇರೋ ಹಾಗಿಲ್ಲ. ಮೂರನೇ ಎರಡರಷ್ಟು ಕೋರ್ ಡೆವಲಪರ್‌ಗಳು ಅವಿಶ್ವಾಸ ಹಾಕಿದರೆ ಕೌನ್ಸಿಲ್ ಮನೆಗೆ. ಅಧಿಕಾರ ವಿಶಾಲ, ಆದ್ರೆ ಅದನ್ನು ಆದಷ್ಟು ಕಡಿಮೆ ಬಳಸಬೇಕು ಅಂತ ದಾಖಲೆಯಲ್ಲೇ ಬರೆದಿದೆ. ಕಂಪನಿ ನಿಯಮವನ್ನು ಹಗುರವಾಗಿ ನೋಡಬೇಡಿ. ಕೋರ್ ಡೆವಲಪರ್‌ಗಳಲ್ಲಿ ಎಷ್ಟೋ ಜನಕ್ಕೆ ಸಂಬಳ ಕೊಡೋದು ದೊಡ್ಡ ಕಂಪನಿಗಳೇ. ನಾಳೆ ಒಂದು ಕಂಪನಿ ಐವರನ್ನೂ ಕೆಲಸಕ್ಕೆ ಸೇರಿಸಿಕೊಂಡರೆ ಭಾಷೆಯನ್ನೇ ಕೊಂಡ ಹಾಗಾಗಬಾರದಲ್ಲ.

2019ರ ಫೆಬ್ರವರಿಯಲ್ಲಿ ಮೊದಲ ಕೌನ್ಸಿಲ್ ಆಯ್ಕೆಯಾಯ್ತು. ಬ್ಯಾರಿ ವಾರ್ಸಾ, ಬ್ರೆಟ್ ಕ್ಯಾನನ್, ಕ್ಯಾರಲ್ ವಿಲ್ಲಿಂಗ್, ನಿಕ್ ಕಾಗ್ಲನ್, ಮತ್ತೆ ಐದನೆಯವರು ಗ್ವಿಡೋ ವಾನ್ ರೋಸಮ್! ಹೌದು, ಬಿಟ್ಟುಹೋದವರೇ ಚುನಾವಣೆಗೆ ನಿಂತು ಗೆದ್ದು ಬಂದಿದ್ದರು.

ಇಲ್ಲಿ ಒಂದು ಸ್ವಂತ ಕಥೆ. ನಾನು ಹಿಂದೆ ಇದ್ದ ಒಂದು ಹೌಸಿಂಗ್ ಸೊಸೈಟಿಯಲ್ಲಿ ಸ್ಥಾಪಕ ಕಾರ್ಯದರ್ಶಿಗಳು ಜಗಳ ಮಾಡಿಕೊಂಡು ರಾಜೀನಾಮೆ ಕೊಟ್ಟರು. ಮೂರೇ ತಿಂಗಳಲ್ಲಿ 'ಸಲಹೆಗಾರ' ಅಂತ ವಾಪಸ್ ಬಂದರು. ಮೀಟಿಂಗ್‌ನಲ್ಲಿ ಎಲ್ಲರೂ ಹೊಸ ಸಮಿತಿಯ ಮುಖ ನೋಡದೆ ಅವರ ಮುಖವನ್ನೇ ನೋಡ್ತಿದ್ದರು. ನಾನೂ. ನೀರಿನ ಟ್ಯಾಂಕರ್ ಗುತ್ತಿಗೆಯಿಂದ ಹಿಡಿದು ಗಣಪತಿ ಪೆಂಡಾಲಿನ ತನಕ ಅವರ ತಲೆ ಅಲ್ಲಾಡದೆ ಏನೂ ನಡೀತಿರಲಿಲ್ಲ. ಹಾಗಾಗಿ ಗ್ವಿಡೋ ಗೆದ್ದ ಸುದ್ದಿ ಓದಿದಾಗ, ಮುಗೀತು, ಮತ್ತೆ ಅದೇ ಕಥೆ ಅಂದ್ಕೊಂಡೆ.

ಆದ್ರೆ ಹಾಗಾಗಲಿಲ್ಲ. ಐದರಲ್ಲಿ ಒಂದು ಮತವಾಗಿ ಒಂದು ಅವಧಿ ಕೂತರು. ಅದೇ ವರ್ಷದ ಕೊನೆಯಲ್ಲಿ ಎರಡನೇ ಚುನಾವಣೆ ಬಂದಾಗ ಕಣದಿಂದ ಹಿಂದೆ ಸರಿದರು. ಆಮೇಲೆ ಬಂದ ಕೌನ್ಸಿಲ್‌ಗಳು ಅವರಿಲ್ಲದೆಯೇ ನಡೆದಿವೆ. 2018ರಲ್ಲಿ ಯಾರನ್ನಾದ್ರೂ ಕೈಹಿಡಿದು ಗದ್ದುಗೆಯಲ್ಲಿ ಕೂರಿಸಿದ್ದರೆ ಆ ವ್ಯಕ್ತಿ ಕಡೆತನಕ 'ಗ್ವಿಡೋ ನೇಮಿಸಿದವನು' ಆಗಿಯೇ ಉಳೀತಿದ್ದ. ಅವರು ತಗೊಂಡ ತೀರ್ಮಾನಗಳಲ್ಲೆಲ್ಲ ಉತ್ತರಾಧಿಕಾರಿ ಬೇಡ ಅಂದದ್ದೇ ದೊಡ್ಡದು ಅಂತ ನನ್ನ ಲೆಕ್ಕ, ಪೈಥಾನ್ 3 ಮಾಡಿದ್ದನ್ನೂ ಸೇರಿಸಿ.

ಪಂಚಾಯ್ತಿ ಬಂದ ಮೇಲೆ ಎಲ್ಲ ಸುಸೂತ್ರ ಅಂತೇನೂ ಇಲ್ಲ. 2021ರ ಏಪ್ರಿಲ್‌ನಲ್ಲಿ 3.10ರ ಬೀಟಾಗೆ ಎರಡು ವಾರ ಇರುವಾಗ ಪೈಡ್ಯಾಂಟಿಕ್, ಫಾಸ್ಟ್‌ಎಪಿಐ ನಡೆಸೋರು ಬೊಬ್ಬೆ ಹಾಕಿದರು. ಟೈಪ್ ಅನೋಟೇಶನ್ ಓದೋ ರೀತಿ ಬದಲಾದ್ರೆ ನಮ್ಮ ಲೈಬ್ರರಿ ಮುರಿದು ಬೀಳತ್ತೆ ಅಂತ. ಆ ಬದಲಾವಣೆ ಗ್ವಿಡೋ ಕಾಲದಲ್ಲೇ ಒಪ್ಪಿಗೆಯಾಗಿದ್ದು. ಕೌನ್ಸಿಲ್ ಅದನ್ನು ಮುಂದೂಡಿತು, ಕೊನೆಗೆ ಬೇರೆಯದೇ ಪರಿಹಾರ 3.14ರಲ್ಲಿ ಬಂತು. 2023ರಲ್ಲಿ ಜಿಐಎಲ್ ತೆಗೆಯೋ ಪೆಪ್ 703ಕ್ಕೆ ಒಪ್ಪಿಗೆ ಕೊಟ್ಟಾಗಲೂ ಹಂತ ಹಂತವಾಗಿ ಹೋಗೋಣ, ಬೇಡ ಅನಿಸಿದರೆ ಹಿಂದೆ ಬರೋಣ ಅನ್ನೋ ಷರತ್ತು. 2024ರಲ್ಲಿ ಅತಿ ಹಿರಿಯ ಕೋರ್ ಡೆವಲಪರ್ ಒಬ್ಬರನ್ನು ನಡವಳಿಕೆಯ ಕಾರಣಕ್ಕೆ ಮೂರು ತಿಂಗಳು ಅಮಾನತು ಮಾಡಿದಾಗ ಸಮುದಾಯ ಎರಡಾಗಿ ಒಡೆದು ನಿಂತಿತು. ಸಿಟ್ಟು ಕಡಿಮೆ ಆಗಿಲ್ಲ, ಐದು ಬೆನ್ನಿಗೆ ಹಂಚಿಹೋಗಿದೆ. ಹಳೆಯ ಪೈಥಾನ್‌ನಲ್ಲಿ ಕಾಣ್ತಿದ್ದ ಒಬ್ಬ ಮನುಷ್ಯನ ಅಭಿರುಚಿ, ಇದು ನನಗೆ ಚೆನ್ನಾಗಿ ಕಾಣ್ತಿಲ್ಲ ಅಂತ ಸೀದಾ ಹೇಳೋ ಗುಣ, ಈಗಿನ ತೀರ್ಪುಗಳ ಆಫೀಸ್ ಭಾಷೆಯಲ್ಲಿ ನನಗಂತೂ ಸಿಗೋದಿಲ್ಲ.

ಇನ್ನೊಂದು ಪ್ರಸಂಗ ಹೇಳಿ ನಿಲ್ಲಿಸ್ತೀನಿ. 2020ರಲ್ಲಿ ಗ್ವಿಡೋ ಮತ್ತೆ ಕೆಲವರು ಸೇರಿ ಪ್ಯಾಟರ್ನ್ ಮ್ಯಾಚಿಂಗ್‌ಗಾಗಿ ಪೆಪ್ 622 ಬರೆದರು. ವಾಲ್ರಸ್‌ಗಿಂತ ಎಷ್ಟೋ ದೊಡ್ಡ ಬದಲಾವಣೆ ಅದು, ವಿರೋಧವೂ ಜೋರಾಗಿಯೇ ಬಂತು. ಬರೆದವರೆಲ್ಲ ಕೂತು ಅದನ್ನು ನಿಯಮಕ್ಕೊಂದು, ಕಾರಣಕ್ಕೊಂದು, ಪಾಠಕ್ಕೊಂದು ಅಂತ ಮೂರು ಪೆಪ್‌ಗಳಾಗಿ ಒಡೆದು ತಿದ್ದಿ ಬರೆದರು. ಕೌನ್ಸಿಲ್ ಮುಂದೆ ಇಟ್ಟು, ಎಲ್ಲರ ಹಾಗೆ ಗ್ವಿಡೋನೂ ಕಾದರು. 2021ರ ಫೆಬ್ರವರಿಯಲ್ಲಿ ಆ ಐವರಿಂದ ಉತ್ತರ ಬಂತು, ಒಪ್ಪಿದ್ದೇವೆ ಅಂತ.