ಗಾಳಿ ಅಳೆಯುವ ಬಟ್ಟಲುಗಳ ಕತೆ

ಕಣದಲ್ಲಿ ರಾಶಿ ತೂರುವಾಗ ಗಾಳಿ ಎಷ್ಟಿದೆಯೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಟ್ಟು ಹಾರಿ ಬೀಳುವ ದೂರವೇ ಅದನ್ನು ಹೇಳುತ್ತದೆ. ಆದರೆ ಹೊಲದ ತೇವ ಎಷ್ಟು ಬೇಗ ಆರುತ್ತದೆ, ಎಷ್ಟು ದಿನಕ್ಕೊಮ್ಮೆ ನೀರು ಹಾಯಿಸಬೇಕು ಎಂದು ಲೆಕ್ಕ ಹಾಕುವವರಿಗೆ ಗಾಳಿಯ ವೇಗ ಅಂಕಿಯಲ್ಲೇ ಬೇಕು. ಅಂಕಿ ಕೊಡುವ ಯಂತ್ರವೇ ತಪ್ಪಿದರೆ ನೀರಿನ ಲೆಕ್ಕವೂ ತಪ್ಪಿತು, ಅಲ್ಲವೇ?

ಹವಾಮಾನ ಕೇಂದ್ರದ ಬಯಲಿನಲ್ಲಿ ಕಂಬದ ಮೇಲೆ ಗಿರ್ರನೆ ತಿರುಗುವ ಬಟ್ಟಲುಗಳನ್ನು ನೀವು ನೋಡಿರಬಹುದು. 1846ರಲ್ಲಿ ಐರ್ಲೆಂಡಿನ ಆರ್ಮಾ ವೀಕ್ಷಣಾಲಯದ ರಾಬಿನ್ಸನ್ ಎಂಬವರು ನಾಲ್ಕು ಬಟ್ಟಲಿನ ಇಂಥ ಯಂತ್ರವನ್ನು ಮುಂದಿಟ್ಟರು. ಬಟ್ಟಲು ಚಿಕ್ಕದಿರಲಿ, ದೊಡ್ಡದಿರಲಿ, ಅದರ ವೇಗದ ಮೂರರಷ್ಟು ಗಾಳಿಯ ವೇಗ ಎಂದು ಅವರು ನಂಬಿದ್ದರು. ಬಹಳ ವರ್ಷ ಎಲ್ಲರೂ ಹಾಗೇ ಗುಣಿಸಿಕೊಂಡು ಬಂದರು.

1879ರ ಡಿಸೆಂಬರ್ 28ರಂದು ಸ್ಕಾಟ್ಲೆಂಡಿನಲ್ಲಿ ಟೇ ನದಿಯ ರೈಲು ಸೇತುವೆ ಬಿರುಗಾಳಿಗೆ ಮುರಿದುಬಿತ್ತು. ರೈಲಿನಲ್ಲಿದ್ದವರು ಯಾರೂ ಉಳಿಯಲಿಲ್ಲ. ಗಾಳಿಯ ಬಲವನ್ನು ಸರಿಯಾಗಿ ಅಳೆಯಲೇಬೇಕೆಂಬ ಎಚ್ಚರ ಆಗ ಬಂತು. ಇಂಗ್ಲೆಂಡಿನ ಡೈನ್ಸ್ ಎಂಬವರು ಉಗಿಯಂತ್ರದಿಂದ ತಿರುಗುವ ಉದ್ದನೆಯ ತೋಳಿಗೆ ಗಾಳಿಮಾಪಕಗಳನ್ನು ಕಟ್ಟಿ ಪರೀಕ್ಷಿಸಿದರು. ಮೂರು ಎಂಬ ಗುಣಕ ಹೆಚ್ಚಾಯಿತು, ಸಾಮಾನ್ಯ ಯಂತ್ರಕ್ಕೆ ಅದು 2.2ರ ಹತ್ತಿರ ಎಂದು ತಿಳಿಯಿತು. ಅಂದರೆ ಗಂಟೆಗೆ 30 ಮೈಲಿ ಎಂದು ಬರೆದಿಟ್ಟ ಗಾಳಿ ನಿಜಕ್ಕೂ 22 ಮೈಲಿ! 1926ರಲ್ಲಿ ಕೆನಡಾದ ಪ್ಯಾಟರ್ಸನ್ ಮೂರು ಬಟ್ಟಲಿನ ಯಂತ್ರವೇ ಮೇಲೆಂದು ತೋರಿಸಿದರು.

ಇದು ಹುಟ್ಟಿನ ತಪ್ಪು. ಸವೆತದ ತಪ್ಪು ಬೇರೆ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಒಣಗಿದರೆ ಎತ್ತಿಗೆ ಭಾರ, ಹೌದೋ ಇಲ್ಲವೋ? ಹಾಗೆಯೇ ಬಟ್ಟಲಿನ ಬೇರಿಂಗಿಗೆ ಧೂಳು ಸೇರಿದರೆ ಸಣ್ಣ ಗಾಳಿಗೆ ಅದು ಅಲುಗುವುದೇ ಇಲ್ಲ. ಜೋರು ಗಾಳಿಗೆ ಚೆನ್ನಾಗಿಯೇ ತಿರುಗುವುದರಿಂದ ನೋಡಿದವರಿಗೆ ಅನುಮಾನವೂ ಬಾರದು.

ಇದನ್ನು ಹಿಡಿಯುವ ಉಪಾಯ ಅಂಗಡಿಯ ತಕ್ಕಡಿಯನ್ನು ಇನ್ನೊಂದು ತಕ್ಕಡಿಯಿಂದ ಪರೀಕ್ಷಿಸಿದಂತೆ. ಒಂದೇ ಎತ್ತರದಲ್ಲಿ ಎರಡು ಮಾಪಕ ಇಟ್ಟು, ಎರಡರ ಅಂಕಿಗಳನ್ನು ತಿಂಗಳು ತಿಂಗಳು ಹೋಲಿಸಬೇಕು. ಕಂಬದ ಮರೆಗೆ ಒಂದು ಬೀಳುವ ದಿಕ್ಕಿನ ಗಾಳಿಯನ್ನು ಲೆಕ್ಕದಿಂದ ಬಿಡಬೇಕು. ಸಣ್ಣ ಗಾಳಿಯನ್ನು ಬೇರೆಯಾಗಿ ನೋಡಬೇಕು. ಮೊದಲು ಸಮವಾಗಿದ್ದ ಅಂಕಿಗಳಲ್ಲಿ ಒಂದು ಬರಬರುತ್ತಾ ಹಿಂದೆ ಬಿದ್ದರೆ ಅದರ ಬೇರಿಂಗ್ ನೋಡಿ. ಆದರೆ ಎರಡೂ ಒಟ್ಟಿಗೆ ಮುದಿಯಾದರೆ ಎರಡೂ ಸೇರಿ ಒಂದೇ ಸುಳ್ಳು ಹೇಳುತ್ತವೆ! ಅದಕ್ಕೇ ಪರೀಕ್ಷಿಸಿಟ್ಟ ಮೂರನೆಯದನ್ನು ಆಗಾಗ ತಂದು ತಾಳೆ ನೋಡಬೇಕು.

ನಮ್ಮ ದೇಶದಲ್ಲಿ ಈ ಶಿಸ್ತನ್ನು ಬೆಳೆಸಿದವರಲ್ಲಿ ಅನ್ನಾ ಮಣಿ ಅವರು ಪ್ರಮುಖರು. ಬೆಂಗಳೂರಿನಲ್ಲಿ ಸಿ. ವಿ. ರಾಮನ್ನರ ಬಳಿ ಸಂಶೋಧನೆ ಮಾಡಿದ ಅವರು 1948ರಲ್ಲಿ ಹವಾಮಾನ ಇಲಾಖೆ ಸೇರಿದರು. ಮುಂದೆ ಬೆಂಗಳೂರಿನಲ್ಲಿಯೇ ಗಾಳಿಯ ವೇಗ ಮತ್ತು ಬಿಸಿಲು ಅಳೆಯುವ ಉಪಕರಣಗಳ ಕಾರ್ಯಾಗಾರ ನಡೆಸಿದರು. ತಪ್ಪು ಅಳತೆಗಿಂತ ಅಳೆಯದೆ ಇರುವುದೇ ಮೇಲೆಂದು ಅವರ ನಂಬಿಕೆ.

ನಿಮ್ಮೂರ ಹತ್ತಿರದ ಹವಾಮಾನ ಕೇಂದ್ರಕ್ಕೆ ಹೋದಾಗ ಒಂದು ಮಾತು ಕೇಳಿ: "ಸ್ವಾಮಿ, ಈ ಬಟ್ಟಲನ್ನು ತಾಳೆ ನೋಡಿ ಎಷ್ಟು ದಿನವಾಯಿತು?" ನೀರು ನಿಮ್ಮದು, ಬೆಳೆ ನಿಮ್ಮದು. ಕೇಳುವ ಹಕ್ಕೂ ನಿಮ್ಮದೇ.